ದುಡ್ಡು ನಮ್ಮದು, ಬೀಗದಕೈ ಅವರದು

ಕಾರ್ಮಿಕರ ಪತ್ರಿಕೆಯಲ್ಲಿ ಕಂಪ್ಯೂಟರ್ ಆಟಗಳ ಮಾತೇಕೆಂದು ಹಿರಿಯ ಬಂಧುಗಳು ಹುಬ್ಬು ಗಂಟಿಕ್ಕಬಹುದು. ಸಂಬಳ, ರಜೆ, ಗ್ರಾಚ್ಯುಯಿಟಿಗಳ ವಿಚಾರ ಮುಗಿದುಹೋಯಿತೇ ಎಂದೂ ಕೇಳಬಹುದು. ಮುಗಿದಿಲ್ಲ. ಆದರೆ ರಾತ್ರಿ ಹೋಟೆಲಿನ ಬಾಗಿಲೆಳೆದ ಮೇಲೆ ನಮ್ಮ ಹುಡುಗರಿಗೆ ಸಿಗುವ ಬಿಡುವು ಒಂದು ಗಂಟೆಯದು. ಹಿಂದಿನವರು ಅದನ್ನು ಇಸ್ಪೀಟಿನಲ್ಲಿ ಕಳೆದರು, ಇಂದಿನವರು ಈ ಆಟಗಳಲ್ಲಿ ಕಳೆಯುತ್ತಾರೆ. ಬೆವರಿನ ದುಡ್ಡು ಅಲ್ಲಿ ಹೇಗೆ ಹೋಗುತ್ತಿದೆಯೆಂಬುದು ಸಂಘದ ವಿಚಾರವೇ ಸರಿ.

ಕೆಲವು ವರ್ಷಗಳ ಹಿಂದೆ ನಮ್ಮ ಕೋಣೆಯ ಆರು ಜನ ಚಂದಾ ಹಾಕಿ ಲ್ಯಾಮಿಂಗ್ಟನ್ ರಸ್ತೆಯಿಂದ ಒಂದು ಹಳೆಯ ಕಂಪ್ಯೂಟರನ್ನೂ ಒಂದು ಹೊಸ ಆಟದ ಪೆಟ್ಟಿಗೆಯನ್ನೂ ತಂದೆವು. ಪೆಟ್ಟಿಗೆಯಲ್ಲಿದ್ದುದು ಒಂದು ಡಿವಿಡಿ, ಒಂದು ಚೀಟಿ. ಡಿವಿಡಿಯಲ್ಲಿ ಆಟದ ಕಾಲುಭಾಗವೂ ಇರಲಿಲ್ಲ. ಚೀಟಿಯ ಸಂಖ್ಯೆಯನ್ನು ಕಂಪನಿಯ ಸ್ವಂತ ಇಂಟರ್‌ನೆಟ್ ಅಂಗಡಿಯಲ್ಲಿ ದಾಖಲಿಸಿ, ಖಾತೆ ತೆರೆದು, ಉಳಿದುದನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕಂತೆ! ಈಗಿನ ದೊಡ್ಡ ಆಟಗಳಲ್ಲಿ 100 ಜಿಬಿ ಮೀರಿದವು ಹಲವು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನವನಿಗೆ ಅದು ಎರಡು ತಿಂಗಳು ಮೀರಿದ ಕೆಲಸ. ಊಟದ ಹಣ ಪಡೆದು, ಎಲೆ ಹಾಸಿ, ಅನ್ನವನ್ನು ನೀವೇ ಹೊತ್ತು ತನ್ನಿರೆಂದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ?

ಇದು ನಮ್ಮ ಕೋಣೆಯ ಗೋಳು ಮಾತ್ರವಲ್ಲ. ಅಮೆರಿಕದ ವಾಲ್ವ್ ಕಂಪನಿ 2004ರಲ್ಲಿ ‘ಹಾಫ್-ಲೈಫ್ 2’ ಹೊರತಂದಾಗ ಪೆಟ್ಟಿಗೆ ಕೊಂಡವರೂ ಅದರ ‘ಸ್ಟೀಮ್’ ಖಾತೆ ತೆರೆಯಲೇಬೇಕಾಯಿತು. ಅಂದು ಬೈದವರಲ್ಲಿ ಅನೇಕರು ಇಂದು ಸ್ಟೀಮನ್ನು ಮೆಚ್ಚುತ್ತಾರೆಂಬುದೂ ನಿಜ. ಹಲವರ ಸರಕು ಒಂದೆಡೆ ಸಿಗುತ್ತದೆ, ರಿಯಾಯಿತಿಯೂ ಉಂಟು. ಮುಂದೆ ದೊಡ್ಡ ಪ್ರಕಾಶಕರು ತಮ್ಮತಮ್ಮದೇ ಅಂಗಡಿ ಇಟ್ಟರು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2011ರಲ್ಲಿ ‘ಆರಿಜಿನ್’ ತೆರೆದು, ಅದೇ ವರ್ಷದ ‘ಬ್ಯಾಟಲ್‌ಫೀಲ್ಡ್ 3’ ಕಂಪ್ಯೂಟರಿನಲ್ಲಿ ಆಡಲು ಆರಿಜಿನ್ ಇರಲೇಬೇಕೆಂದಿತು. ಗಿರಾಕಿಯ ಕಂಪ್ಯೂಟರಿನ ಒಳಗಣ ಮಾಹಿತಿ ಸಂಗ್ರಹಿಸುವ ಮಾತನ್ನೂ ಕರಾರಿನಲ್ಲಿ ಸೇರಿಸಿತ್ತು. ಜರ್ಮನಿಯ ಆಟಗಾರರು ಗದ್ದಲವೆಬ್ಬಿಸಿದ ಮೇಲೆ ಅದನ್ನು ತಿದ್ದಿತು. (ಒಟ್ಟಾಗಿ ಕೂಗಿದರೆ ಧಣಿಗಳಿಗೆ ಕಿವಿ ಬರುತ್ತದೆ!) 2025ರಲ್ಲಿ ಆರಿಜಿನ್‌ಗೂ ಬೀಗ ಬಿತ್ತು, ಗಿರಾಕಿಗಳು ಅದೇ ಧಣಿಯ ಇನ್ನೊಂದು ಅಂಗಡಿಗೆ ಗಂಟುಮೂಟೆ ಕಟ್ಟಬೇಕಾಯಿತು.

ಫ್ರಾನ್ಸಿನ ಯೂಬಿಸಾಫ್ಟಿನದು ಇನ್ನೂ ಮೇಲು. 2010ರಲ್ಲಿ ಕಂಪ್ಯೂಟರಿಗೆ ಬಂದ ‘ಅಸ್ಯಾಸಿನ್ಸ್ ಕ್ರೀಡ್ 2’ ಒಬ್ಬನೇ ಕುಳಿತು ಆಡುವ ಆಟ. ಆದರೂ ಕಂಪ್ಯೂಟರಿನಲ್ಲಿ ಆಡಲು ಸದಾ ಇಂಟರ್‌ನೆಟ್ ಸಂಪರ್ಕ ಬೇಕಿತ್ತು. ಆ ಮಾರ್ಚಿನಲ್ಲಿ ಕಂಪನಿಯ ಸರ್ವರುಗಳ ಮೇಲೆ ದಾಳಿಯಾದಾಗ ದುಡ್ಡು ಕೊಟ್ಟವರೇ ಆಡಲಾಗದೆ ಕೈಕಟ್ಟಿ ಕುಳಿತರು. ಕಳ್ಳಪ್ರತಿ ತಡೆಯಲು ಇದೆಲ್ಲ ಎಂಬುದು ಅವರ ಸಮಜಾಯಿಷಿ. ಕಳ್ಳತನವನ್ನು ನಾವೂ ಒಪ್ಪುವುದಿಲ್ಲ. ಆದರೆ ಗಲ್ಲಾ ದೋಚಿದವನನ್ನು ಬಿಟ್ಟು, ಬಿಲ್ಲು ತೆತ್ತವನ ಜೇಬು ತಡಕುವುದು ಯಾವ ನ್ಯಾಯ?

ಅದೇ ಕಂಪನಿ 2014ರಲ್ಲಿ ಮಾರಿದ ‘ದಿ ಕ್ರೂ’ ಎಂಬ ಮೋಟಾರು ಓಟದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬನೇ ಆಡುವ ಭಾಗವೂ ಸತ್ತಿತು. ಕೊಂಡವರ ಖಾತೆಯಿಂದ ಪರವಾನಗಿಯನ್ನೂ ಕಿತ್ತುಕೊಂಡರು. ಸರ್ವರ್ ಮುಚ್ಚುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿರೆಂದು ಯುರೋಪಿನಲ್ಲಿ ಎದ್ದ ಬೇಡಿಕೆಗೆ 2025ರ ಜುಲೈಯಲ್ಲಿ ಸಹಿಗಳು 10 ಲಕ್ಷ ಮೀರಿದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಮಾರುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಪದ ಬಳಸುವಂತಿಲ್ಲ. ಮಾತಿಗೆ ಕಡಿವಾಣ ಬಿತ್ತು, ಕೃತಿಗೆ ಬೀಳಬೇಕಾಗಿದೆ. ಬೀಗವಿಲ್ಲದೆ ವ್ಯಾಪಾರವೇ ನಡೆಯದೆಂಬವರು ಪೋಲೆಂಡಿನ ‘ಜಿಒಜಿ’ ಅಂಗಡಿಯನ್ನು ನೋಡಲಿ. 2008ರಿಂದ ಅದು ಬೀಗವಿಲ್ಲದ ಪ್ರತಿಗಳನ್ನೇ ಮಾರುತ್ತ ಬದುಕಿದೆ.

ಇತ್ತ ನಮ್ಮ ಪೆಟ್ಟಿಗೆಯ ಕಥೆ. ಖಾತೆ ತೆರೆದ ಹುಡುಗ ಕೆಲಸ ಬಿಟ್ಟು ಊರಿಗೆ ಹೋದ, ಅವನ ಮೊಬೈಲ್ ನಂಬರೂ ರದ್ದಾಯಿತು. ಈಗ ಆಟ ತೆರೆದರೆ ಆ ನಂಬರಿಗೆ ಬಂದ ಒಟಿಪಿ ಕೇಳುತ್ತದೆ. ಮಾರಿಬಿಡೋಣವೆಂದರೆ ಅಂಗಡಿಯವನು ನಕ್ಕ; ಒಮ್ಮೆ ದಾಖಲಾದ ಚೀಟಿಗೆ ಕಿಲುಬು ಕಾಸೂ ಹುಟ್ಟುವುದಿಲ್ಲವಂತೆ. ರಾತ್ರಿ ಶಾಲೆಯಲ್ಲಿ ನಾವು ಓದಿದ ಪುಸ್ತಕಗಳು ನಮಗಿಂತ ಮೊದಲು ಹತ್ತು ಕೈ ದಾಟಿ ಬಂದಿದ್ದವು. ಕಂಪನಿಗೆ ಮೂರು ಸಲ ಬರೆದೆವು, ಮೂರು ಸಲವೂ ಯಂತ್ರದ ಉತ್ತರವೇ ಬಂತು. ನಾಲ್ಕನೆಯದನ್ನು ಈ ವಾರ ಆರೂ ಜನರ ಸಹಿಯೊಡನೆ, ಬಿಲ್ಲಿನ ನಕಲು ಲಗತ್ತಿಸಿ ಕಳುಹಿಸುತ್ತಿದ್ದೇವೆ.