ಹುಳ ತಿನ್ನಲಿ ಬಿಡಿ ಸ್ವಾಮಿ!

ಸಿಡ್ನಿಯಲ್ಲಿರೋ ಗೆಳೆಯನೊಬ್ಬ ಮೊನ್ನೆ ವಿಡಿಯೋ ಕಾಲ್‌ನಲ್ಲಿ ಹರಾಜಿನಲ್ಲಿ ಕೊಂಡ ಮರದ ಗೊಂಬೆ ತೋರಿಸಿದ. ಪಾಪುವಾ ನ್ಯೂಗಿನಿಯ ನ್ಯೂ ಐರ್ಲೆಂಡ್ ದ್ವೀಪದ್ದು. ಕೆಂಪು, ಕಪ್ಪು, ಬಿಳಿ ಬಣ್ಣ. ಕಣ್ಣಿನ ಜಾಗದಲ್ಲಿ ಸಮುದ್ರದ ಬಸವನಹುಳುವಿನ ಬಾಯಿಮುಚ್ಚಳ. "ಒರಿಜಿನಲ್ ಮಗಾ, ನೂರು ವರ್ಷ ಹಳೇದು. ನಮ್ಮಂಥೋರು ತಗೊಳ್ದೇ ಹೋಗಿದ್ರೆ ಹುಳ ತಿಂದು ಹೋಗ್ತಿತ್ತು" ಅಂದ.

ಹೋಗಲಿ ಅಂತಲೇ ಅದನ್ನು ಮಾಡಿದ್ದು ಕಣಪ್ಪಾ!

ಅದರ ಹೆಸರು ಮಲಂಗನ್. ಸತ್ತವರಿಗಾಗಿ ನಡೆಸುವ ಆಚರಣೆಗೂ ಅದೇ ಹೆಸರು. ಕೆಲವೊಮ್ಮೆ ಸಾವಾಗಿ ಎಷ್ಟೋ ವರ್ಷದ ಮೇಲೆ, ಹಂದಿ, ಗೆಡ್ಡೆ ಎಲ್ಲ ಕೂಡಿಹಾಕಿ ಊಟ ಹಾಕ್ತಾರೆ. ಬೇಲಿಯ ಮರೆಯಲ್ಲಿ ಗುಟ್ಟಾಗಿ ಕೆತ್ತಿದ ಗೊಂಬೆಯನ್ನು ಜನರ ಮುಂದಿಡ್ತಾರೆ. ಅಲ್ಲಿಗೆ ಅದರ ಕೆಲಸ ಮುಗೀತು. ಸುಡ್ತಿದ್ದರು, ಇಲ್ಲಾ ಕೊಳೆಯೋಕೆ ಬಿಡ್ತಿದ್ದರು. ನಾವು ಕೆರೆಗೆ ಬಿಟ್ಟ ಗಣಪನನ್ನು ಯಾರೋ ಎತ್ತಿ ತಂದು ಶೋಕೇಸಲ್ಲಿಟ್ಟು, "ನಾನು ಕಾಪಾಡಿದೆ" ಅಂದರೆ ಏನನ್ನಿಸುತ್ತೆ?

"ಅವರೇ ಮಾರಿದ್ರಲ್ವಾ?" ಅಂತೀರಿ. ಹೌದು. 1884ರಿಂದ 1914ರವರೆಗೆ ಜರ್ಮನಿ ಆ ದ್ವೀಪವನ್ನು ಆಳಿತು. ಕೆಲಸ ಮುಗಿದ ಗೊಂಬೆಯನ್ನು ಹೊರಗಿನವರಿಗೆ ಮಾರುವುದೂ ಅದನ್ನು ಕಳಿಸಿಕೊಡುವ ಒಂದು ದಾರಿಯಾಗಿತ್ತು. ಹಾಗಾಗಿ ಎಲ್ಲ ಸಂಗ್ರಹಕಾರರೂ ಕಳ್ಳರು ಅಂತ ನಾನು ಹೇಳೋದಿಲ್ಲ. ಆದರೆ ಅವರು ಮಾರಿದ್ದು ಮರವನ್ನು ಮಾತ್ರ. ಆ ರೂಪವನ್ನು ಮತ್ತೆ ಕೆತ್ತಿಸುವ ಹಕ್ಕು ಅವರಲ್ಲೇ ಉಳೀತು. ಚಿಪ್ಪಿನ ಹಣ, ಹಂದಿ ಕೊಟ್ಟು, ಆಚರಣೆಯಲ್ಲಿ ಎಲ್ಲರೆದುರು ಪಡೆಯುವ ಹಕ್ಕದು. ಕಾಪಿರೈಟ್ ಅಂದರೆ ಕಿವಿ ನೆಟ್ಟಗಾಗುವ ನಮ್ಮಂಥ ಐಟಿ ಮಂದಿಗೆ ಇದು ಬೇಗ ಅರ್ಥವಾಗಬೇಕು.

ನನಗೆ ಸಿಟ್ಟು ಬರೋದು ಮಾರುಕಟ್ಟೆಯ ಲೆಕ್ಕಾಚಾರಕ್ಕೆ. ಹಳೇದಾಗಿರಬೇಕು, ಆಚರಣೆಗೆ ಬಳಸಿರಬೇಕು, ಆಗ ಬೆಲೆ. ಅದೇ ದ್ವೀಪದಲ್ಲಿ ಇವತ್ತೂ ಉಳಿ ಹಿಡಿದು ಕೂತವನು ಮಾರೋಕೆ ಕೆತ್ತಿದರೆ "ಟೂರಿಸ್ಟ್ ಪೀಸ್" ಅಂತ ಮೂಗು ಮುರೀತಾರೆ. ಕಲೆ ಉಳಿಸ್ತೀವಿ ಅನ್ನೋರಿಗೆ ಕಲೆ ಗೊತ್ತಿರುವ ಕೈ ಮಾತ್ರ ಬೇಡ. ಒಂದು ಮರದ ತುಂಡು ಕೊಳೆತರೆ ಇನ್ನೊಂದು ಕೆತ್ತಬಹುದು. ಕೆತ್ತೋನ ಮಗ ಉಳಿ ಕೆಳಗಿಟ್ಟರೆ?

ಇಷ್ಟವಿದ್ದರೆ ಕೊಳ್ಳಿ, ಬೇಡ ಅನ್ನಲ್ಲ. ಬದುಕಿರೋ ಶಿಲ್ಪಿಯಿಂದ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ. ಹಳೇದೇ ಬೇಕಂದರೆ, ಅದು ದೇಶ ಬಿಟ್ಟಿದ್ದು ಹೇಗೆ, ಕಾಗದಪತ್ರ ಎಲ್ಲಿ ಅಂತ ಕೇಳಿ. ಇಂಥ ಸಾಂಸ್ಕೃತಿಕ ಸ್ವತ್ತಿನ ರಫ್ತಿಗೆ ಕಡಿವಾಣ ಹಾಕುವ ಕಾನೂನು ಅಲ್ಲಿ 1965ರಿಂದಲೇ ಇದೆ.

ಫೋನ್ ಇಡೋ ಮೊದಲು ಗೆಳೆಯನನ್ನು ಕೇಳಿದೆ: "ಕೆತ್ತಿದೋನ ಹೆಸರೇನೋ?"

ಹರಾಜು ಕಂಪನಿಯ ಹೆಸರು ಹೇಳಿದ.