34ರ ಮಿತಿಗೆ ‘ದರ್ಜೆ’ಯ ಕನ್ನ

ಸಂಪುಟ ಪುನಾರಚನೆಯ ಸುದ್ದಿ ಎದ್ದಾಗಲೆಲ್ಲ ಆಕಾಂಕ್ಷಿಗಳ ದೆಹಲಿ ಯಾತ್ರೆ ಶುರುವಾಗುತ್ತದೆ. ಯಾರಿಗೆ ಯಾವ ಖಾತೆ ಎಂಬ ಚರ್ಚೆಯಲ್ಲಿ ಟಿವಿ ವಾಹಿನಿಗಳು ಮುಳುಗುತ್ತವೆ. ಆದರೆ ಮಂತ್ರಿಗಿರಿ ಸಿಗದವರನ್ನು ಏನು ಕೊಟ್ಟು ಸಮಾಧಾನಪಡಿಸಲಾಗುತ್ತದೆ, ಅದರ ಖರ್ಚು ಯಾರ ತಲೆಗೆ ಎಂದು ಯಾರೂ ಕೇಳುವುದಿಲ್ಲ.

1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸಂಪುಟದಲ್ಲಿ 93 ಮಂತ್ರಿಗಳಿದ್ದರು. ಇಂಥ ಜಂಬೋ ಸಂಪುಟಗಳಿಗೆ ಮೂಗುದಾರ ಹಾಕಲೆಂದೇ 2003ರಲ್ಲಿ ಸಂವಿಧಾನಕ್ಕೆ 91ನೇ ತಿದ್ದುಪಡಿ ತಂದು, ವಿಧಾನಸಭೆಯ ಬಲದ ಶೇ 15ರ ಮಿತಿ ವಿಧಿಸಲಾಯಿತು. 224 ಸದಸ್ಯರ ಕರ್ನಾಟಕಕ್ಕೆ ಮುಖ್ಯಮಂತ್ರಿಯೂ ಸೇರಿ 34 ಮಂದಿ. 2023ರ ಮೇ 27ಕ್ಕೆ ಸಿದ್ದರಾಮಯ್ಯನವರ ಸಂಪುಟ ಆ ಮಿತಿಯನ್ನು ಮುಟ್ಟಿತು.

ಅಸಲಿ ಆಟ ಶುರುವಾದದ್ದು ಆಮೇಲೆ. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರನ್ನು ನಿಗಮ-ಮಂಡಳಿಗಳಿಗೆ ನೇಮಿಸಿ ಸಂಪುಟ ದರ್ಜೆ ಕೊಡಲಾಯಿತು. ಇವರ ಜೊತೆಗೆ ಮುಖ್ಯಮಂತ್ರಿಗೆ ಆರ್ಥಿಕ ಸಲಹೆಗಾರರು, ಕಾನೂನು ಸಲಹೆಗಾರರು, ರಾಜಕೀಯ ಕಾರ್ಯದರ್ಶಿಗಳು ಬೇರೆ. 135 ಶಾಸಕರ ಆಡಳಿತ ಪಕ್ಷದಲ್ಲಿ ಮಂತ್ರಿಗಳೂ ಸೇರಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಗೂಟದ ಕಾರು. ಸಂಪುಟ ದರ್ಜೆ ಪಡೆದವರು ಮಂತ್ರಿಗಳಂತೆ ರಾಜ್ಯಪಾಲರ ಮುಂದೆ ಪ್ರಮಾಣವಚನ ಸ್ವೀಕರಿಸಿದವರಲ್ಲ. ಪ್ರಶ್ನೋತ್ತರ ಅವಧಿಯಲ್ಲಿ ಉತ್ತರ ಕೊಡಬೇಕಾದವರೂ ಅಲ್ಲ. ಸರ್ಕಾರವನ್ನು ಪ್ರಶ್ನಿಸಬೇಕಾದ ಶಾಸಕ ಅದೇ ಸರ್ಕಾರ ಕೊಟ್ಟ ಕಾರು, ಕಚೇರಿ, ಸಿಬ್ಬಂದಿಯ ಋಣದಲ್ಲಿದ್ದರೆ ಸದನದಲ್ಲಿ ಬಾಯಿ ಬಿಡುವುದುಂಟೇ? ‘ಲಾಭದಾಯಕ ಹುದ್ದೆ’ ಎಂಬ ತಕರಾರು ಬಂದರೆ ಕಾಯ್ದೆಗೆ ತಿದ್ದುಪಡಿ ತಂದು ಹುದ್ದೆಯನ್ನೇ ವಿನಾಯಿತಿ ಪಟ್ಟಿಗೆ ಸೇರಿಸಿದರಾಯಿತು.

ಜಾತಿ, ಪ್ರದೇಶಗಳಿಗೆ ಪ್ರಾತಿನಿಧ್ಯ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ಆ 34ರಲ್ಲಿ ಇದ್ದ ಮಹಿಳೆ ಲಕ್ಷ್ಮೀ ಹೆಬ್ಬಾಳಕರ ಒಬ್ಬರೇ. ಕೊಡಗಿನ ಎರಡೂ ಕ್ಷೇತ್ರಗಳನ್ನು ಬಿಜೆಪಿಯಿಂದ ಕಸಿದುಕೊಂಡರೂ ಆ ಜಿಲ್ಲೆಗೆ ಮಂತ್ರಿ ಸ್ಥಾನ ಸಿಗಲಿಲ್ಲ. ವಿರಾಜಪೇಟೆಯ ಶಾಸಕರು ಸಲಹೆಗಾರರಾದರು. ಉಸ್ತುವಾರಿ ಸಿಕ್ಕಿದ್ದು ರಾಯಚೂರಿನ ಎನ್.ಎಸ್. ಬೋಸರಾಜು ಅವರಿಗೆ. ಪ್ರಮಾಣವಚನದ ದಿನ ಅವರು ಎರಡೂ ಸದನಗಳ ಸದಸ್ಯರಾಗಿರಲಿಲ್ಲ. ಇದು ಯಾವ ಪ್ರಾತಿನಿಧ್ಯ?

ಬಿಜೆಪಿಗೂ ಬುದ್ಧಿ ಹೇಳುವ ನೈತಿಕತೆ ಇಲ್ಲ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿದ್ದಾಗ ಯಡಿಯೂರಪ್ಪನವರದು ಏಕವ್ಯಕ್ತಿ ಸರ್ಕಾರ. ದೆಹಲಿಯ ಒಪ್ಪಿಗೆಗೆ ಕಾದು ಆಗಸ್ಟ್ 20ಕ್ಕೆ ಸಂಪುಟ ರಚನೆಯಾಯಿತು. ಆಮೇಲೆ ಬಂದ ಮೂವರು ಉಪಮುಖ್ಯಮಂತ್ರಿಗಳಲ್ಲಿ ಲಕ್ಷ್ಮಣ ಸವದಿ 2018ರ ಚುನಾವಣೆಯಲ್ಲಿ ಸೋತವರು. 2020ರ ಫೆಬ್ರುವರಿಯಲ್ಲಿ ಪಕ್ಷಾಂತರಿ ಶಾಸಕರಲ್ಲಿ ಹತ್ತು ಮಂದಿ ಮಂತ್ರಿಗಳಾದರು.

ಸಂಪುಟ ದರ್ಜೆಯ ಶಾಸಕರನ್ನೂ 34ರ ಲೆಕ್ಕಕ್ಕೆ ಸೇರಿಸುವ ಕಾನೂನು ಬರಬೇಕು. ಅಲ್ಲಿಯವರೆಗೆ ಇವರಲ್ಲಿ ಒಬ್ಬೊಬ್ಬರಿಗೂ ಆಗುವ ಖರ್ಚನ್ನು ಸರ್ಕಾರ ಪ್ರತಿ ಬಜೆಟ್ ಅಧಿವೇಶನದಲ್ಲಿ ಸದನದ ಮುಂದಿಡಲಿ. ಮಂತ್ರಿಯ ಸವಲತ್ತು ಬೇಕೆನ್ನುವವರು ಮಂತ್ರಿಯ ಹೊಣೆಯನ್ನೂ ಹೊರಲಿ. ಅದಾಗದಿದ್ದರೆ ಶಾಸಕರಾಗಿಯೇ ದುಡಿಯಲಿ. ಜನ ಮತ ಹಾಕಿದ್ದು ಅದಕ್ಕೇ.