ಹಿಡಿದಿರಿ, ಸಾಗಿಸಿದಿರಿ, ಸಾಯಿಸಿದಿರಿ

ಅರ್ಜುನನನ್ನು ಕೊಂದವರು ಯಾರು?

ಕಾಡಾನೆ ಅನ್ನಬೇಡಿ. ಕಾಡಾನೆಗೆ ಅರ್ಜುನನ ಮೇಲೆ ಯಾವ ಹಗೆಯೂ ಇರಲಿಲ್ಲ. ಬಳ್ಳೆ ಶಿಬಿರದಲ್ಲಿ ನೆಮ್ಮದಿಯಾಗಿ ಮುಪ್ಪು ಕಳೆಯಬೇಕಿದ್ದ ಆನೆಯನ್ನು ಲಾರಿ ಹತ್ತಿಸಿದವರು ಯಾರು? ಕಾಡಾನೆ ಹಿಡಿಯಲೆಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನ ಯಸಳೂರು ವಲಯಕ್ಕೆ ತಂದವರು ಯಾರು? 2023ರ ಡಿಸೆಂಬರ್ 4ರಂದು ದಬ್ಬಳ್ಳಿಕಟ್ಟೆ ಕಾಡಿನಲ್ಲಿ ಕಾಡು ಸಲಗದ ಕೋರೆಯ ಮುಂದೆ ನಿಲ್ಲಿಸಿದವರು ಯಾರು?

ಅರ್ಜುನನಿಗೆ ಆಗ ಅರವತ್ತು ದಾಟಿತ್ತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕೆ.ಜಿ. ಚಿನ್ನದ ಅಂಬಾರಿ ಹೊತ್ತ ಬೆನ್ನು ಅದು. 2020ರಲ್ಲಿ ಅಂಬಾರಿ ಅಭಿಮನ್ಯು ಎಂಬ ಆನೆಯ ಪಾಲಿಗೆ ಹೋಯಿತು. ಕಾರಣ, ಅರವತ್ತು ದಾಟಿದ ಆನೆಯ ಮೇಲೆ ಭಾರ ಹೇರಬಾರದೆಂಬ ನಿಯಮ. ಸರಿಯಾದ ನಿಯಮ. ಹಾಗಾದರೆ ಹೇಳಿ. ರಾಜಬೀದಿಯಲ್ಲಿ ಅಂಬಾರಿ ಹೊತ್ತು ನಡೆಯಲು ಆಗದಷ್ಟು ವಯಸ್ಸಾದ ಆನೆಗೆ ಕಾಡು ಸಲಗದ ಜೊತೆ ಕಾದಾಡುವ ವಯಸ್ಸು ಎಲ್ಲಿಂದ ಬಂತು? ಯಾವ ಅಧಿಕಾರಿ ಆ ಕಡತಕ್ಕೆ ಸಹಿ ಹಾಕಿದ? ಯಾವ ವೈದ್ಯ ಒಪ್ಪಿದ? ಕಾದಾಟದ ಹೊತ್ತಿನಲ್ಲಿ ಗುಂಡು ತಪ್ಪಿ ಅರ್ಜುನನಿಗೇ ತಗುಲಿತು ಎಂಬ ಆರೋಪ ಆಗಲೇ ಎದ್ದಿತು. ಅದನ್ನು ಬದಿಗಿಡಿ. ಗುಂಡು ತಗುಲದೇ ಇದ್ದಿದ್ದರೂ ಆ ಮುದಿಜೀವ ಅಲ್ಲಿ ಇರಬೇಕಾಗಿರಲಿಲ್ಲ. ಮೊದಲ ಅಪರಾಧ ಅದು.

ಸತ್ತ ಮೇಲೆ ಗೌರವ ಬಂತು. ಹಾರ ಬಂತು. ಸ್ಮಾರಕದ ಘೋಷಣೆ ಬಂತು. ನಾವೂ ಅತ್ತೆವು. ಫೋನಿನಲ್ಲಿ ಫೋಟೊ ಹಾಕಿಕೊಂಡೆವು. ಎಂಟು ವರ್ಷ ಅವನ ಬೆನ್ನ ಮೇಲಿನ ಚಿನ್ನ ನೋಡಿ ಕೈಮುಗಿದ ಜನ ನಾವು. ದಸರಾ ಮುಗಿದ ಮೇಲೆ ಆ ಆನೆಗಳು ಎಲ್ಲಿಗೆ ಹೋಗುತ್ತವೆ, ಯಾವ ಕೆಲಸಕ್ಕೆ ಬಳಕೆಯಾಗುತ್ತವೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು?

ಎಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವ ಹಾಗೂ ಇಲ್ಲ. ಅರ್ಜುನ ಸಾಯುವುದಕ್ಕೆ ಮೂರು ತಿಂಗಳ ಮುಂಚೆ, 2023ರ ಆಗಸ್ಟ್ 31ರಂದು, ಪಕ್ಕದ ಆಲೂರು ತಾಲೂಕಿನ ಹಳ್ಳಿಯೂರಿನಲ್ಲಿ ಎಚ್.ಎಚ್. ವೆಂಕಟೇಶ್ ಸತ್ತರು. ಮಲೆನಾಡಿಗೆಲ್ಲ ಆನೆ ವೆಂಕಟೇಶ್. ಅರಿವಳಿಕೆ ಮದ್ದು ಹೊಡೆಯುವುದರಲ್ಲಿ ಪಳಗಿದ ಕೈ. ಗಾಯಗೊಂಡಿದ್ದ ಭೀಮ ಎಂಬ ಸಲಗಕ್ಕೆ ಚಿಕಿತ್ಸೆ ಕೊಡಿಸಲು ಹೋದವರು. ಮದ್ದು ತಗುಲಿದ ಆನೆ ತಿರುಗಿ ಬಿತ್ತು. ಅಷ್ಟು ಅನುಭವವಿದ್ದ ಮನುಷ್ಯನನ್ನೇ ಉಳಿಸಿಕೊಳ್ಳಲಾಗದ ವ್ಯವಸ್ಥೆ ಏನು ಮಾಡಬೇಕಿತ್ತು? ನಿಲ್ಲಬೇಕಿತ್ತು. ಯೋಚಿಸಬೇಕಿತ್ತು. ಎಲ್ಲಿ ತಪ್ಪಿದೆವು ಎಂದು ಊರಿನ ಜನರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು. ನವೆಂಬರಿನಲ್ಲೇ ಮತ್ತೆ ಸಾಕಾನೆಗಳನ್ನು ಸಾಲುಗಟ್ಟಿಸಿ ಹೊರಟರು.

ಆ ಓಡಾಟದಲ್ಲಿ ಹಿಡಿದ ಆನೆಗಳ ಕಥೆ ಕೇಳಿ.

ನವೆಂಬರ್ ಕೊನೆಯಲ್ಲಿ ಬೇಲೂರು ಕಡೆ ಒಂದು ಮಕ್ನಾ, ಅಂದರೆ ಕೋರೆಯಿಲ್ಲದ ಗಂಡಾನೆ, ಸಿಕ್ಕಿತು. ಕೊರಳಿಗೆ ರೇಡಿಯೋ ಕಾಲರ್ ಕಟ್ಟಿದರು. ಲಾರಿಯಲ್ಲಿ ಬಂಡೀಪುರದ ಮೂಲೆಹೊಳೆಗೆ ಒಯ್ದು ಬಿಟ್ಟರು. ಮೂಲೆಹೊಳೆ ಎಲ್ಲಿದೆ? ಕೇರಳದ ಗಡಿಯಲ್ಲಿ. ಆನೆಗೆ ಗಡಿ ಗೊತ್ತೇ? ಚೆಕ್‌ಪೋಸ್ಟ್ ಗೊತ್ತೇ? 2024ರ ಫೆಬ್ರವರಿ 10ರ ಬೆಳಿಗ್ಗೆ ಅದು ವಯನಾಡಿನ ಮಾನಂದವಾಡಿ ಹತ್ತಿರ ಪಡಮಲದಲ್ಲಿತ್ತು. ಪ್ರಾಣಕ್ಕಾಗಿ ಓಡಿ ಒಂದು ಮನೆಯ ಅಂಗಳ ಹೊಕ್ಕ ಮನುಷ್ಯನನ್ನು ಗೇಟು ಮುರಿದು ನುಗ್ಗಿ ಕೊಂದಿತು. ಕಾಲರ್ ಕೊರಳಲ್ಲೇ ಇತ್ತು. ಅದರಿಂದ ಯಾರ ಜೀವ ಉಳಿಯಿತು?

ಕರ್ನಾಟಕ ಸರ್ಕಾರ ಆ ಕುಟುಂಬಕ್ಕೆ 15 ಲಕ್ಷ ಪರಿಹಾರ ಘೋಷಿಸಿತು. ಬೆಂಗಳೂರಿನಲ್ಲಿ ಅದು ಪಕ್ಷಗಳ ಜಗಳವಾಯಿತು. ನಮ್ಮ ದುಡ್ಡನ್ನು ಕೇರಳದವರಿಗೆ ಏಕೆ ಕೊಡುತ್ತೀರಿ ಎಂದು ಕೂಗಾಡಿದರು. ಕೊನೆಗೆ ಆ ಕುಟುಂಬವೇ ಹಣ ಬೇಡ ಎಂದಿತು. ಒಬ್ಬ ತಂದೆ ಸತ್ತಿದ್ದ. ಇಲ್ಲಿ ಯಾರ ದುಡ್ಡು ಎಂಬ ಚರ್ಚೆ. ನಮ್ಮ ಆನೆಯನ್ನು ಅವರ ಅಂಗಳದ ಪಕ್ಕಕ್ಕೆ ಏಕೆ ಬಿಟ್ಟಿರಿ ಎಂದು ಕೇಳಿದ ಶಾಸಕ ಎಷ್ಟು ಮಂದಿ?

ಇನ್ನೊಂದು ಸಲಗ. 2024ರ ಜನವರಿ 16ರಂದು ಹಾಸನದ ಕಾಫಿ ತೋಟದಲ್ಲಿ ಹಿಡಿದದ್ದು. ಅದಕ್ಕೂ ಕಾಲರ್. ಅದಕ್ಕೂ ಮೂಲೆಹೊಳೆ. ಫೆಬ್ರವರಿ 2ರ ಬೆಳಿಗ್ಗೆ ಅದು ಮಾನಂದವಾಡಿ ಪೇಟೆಯ ನಡುವೆ ನಿಂತಿತ್ತು. ಕೇರಳದವರು ಅದನ್ನು ತಣ್ಣೀರ್ ಕೊಂಬನ್ ಎಂದು ಕರೆದರು. ಸುತ್ತ ಸಾವಿರಾರು ಜನ, ಗದ್ದಲ, ಬಿಸಿಲು. ಇಡೀ ದಿನ ಹಾಗೇ ನಿಂತಿತ್ತು. ಸಂಜೆ ಮದ್ದು ಹೊಡೆದರು. ಇಪ್ಪತ್ತು ದಿನದೊಳಗೆ ಎರಡನೇ ಸಲ ಅರಿವಳಿಕೆ. ಮತ್ತೆ ಲಾರಿ. ರಾತ್ರಿಯೆಲ್ಲ ಪಯಣ. ಬಂಡೀಪುರದ ರಾಮಾಪುರ ಶಿಬಿರ ಮುಟ್ಟಿದ ಮೇಲೆ, ಫೆಬ್ರವರಿ 3ರಂದು, ಸತ್ತೇ ಹೋಯಿತು.

ಆ ಆನೆ ಮಾನಂದವಾಡಿಯಲ್ಲಿ ಯಾರನ್ನೂ ಕೊಂದಿರಲಿಲ್ಲ. ದಾರಿ ತಪ್ಪಿತ್ತು, ಅಷ್ಟೆ. ದಾರಿ ತಪ್ಪಿಸಿದವರು ನಾವು.

ಇದನ್ನು ವನ್ಯಜೀವಿ ನಿರ್ವಹಣೆ ಎನ್ನುತ್ತೀರಾ? ಹಾಸನದ ಮತದಾರರ ಕಣ್ಣಿಂದ ಆನೆ ಮರೆಯಾದರೆ ಸಾಕು, ಅದು ಯಾರ ಊರಿನಲ್ಲಿ ಸತ್ತರೂ ಯಾರನ್ನು ಕೊಂದರೂ ನಮಗೆ ಸಂಬಂಧವಿಲ್ಲ. ಇದೇ ತಾನೆ ನಿಮ್ಮ ನೀತಿ?

ಗೊತ್ತಿರಲಿಲ್ಲ ಎನ್ನಬೇಡಿ. ಶ್ರೀಲಂಕಾದಲ್ಲಿ ಹೀಗೆ ಹಿಡಿದು ರಾಷ್ಟ್ರೀಯ ಉದ್ಯಾನಗಳಿಗೆ ಸಾಗಿಸಿದ 12 ಗಂಡಾನೆಗಳನ್ನು ಕಾಲರ್ ಕಟ್ಟಿ ಹಿಂಬಾಲಿಸಿದ ಅಧ್ಯಯನ 2012ರಲ್ಲೇ ಪ್ರಕಟವಾಗಿದೆ. ಎರಡು ಆನೆಗಳು ಆ ಉದ್ಯಾನಗಳಲ್ಲೇ ಕೊಲೆಯಾದವು. ಉಳಿದ ಒಂದೂ ಬಿಟ್ಟ ಜಾಗದಲ್ಲಿ ನಿಲ್ಲಲಿಲ್ಲ. ಕೆಲವು ಹಳೆಯ ಜಾಗಕ್ಕೇ ಮರಳಿದವು. ಕೆಲವು ಊರೂರು ಅಲೆದವು. ಸಂಘರ್ಷ ತಗ್ಗಲಿಲ್ಲ, ಜಾಗ ಬದಲಿಸಿ ಹೆಚ್ಚಿತು. ವಯನಾಡಿನಲ್ಲಿ ಆದದ್ದು ಅದರ ಪಡಿಯಚ್ಚು. ಹನ್ನೆರಡು ವರ್ಷ ಕಪಾಟಿನಲ್ಲಿದ್ದ ಕಾಗದವನ್ನು ಒಬ್ಬನಾದರೂ ಓದಬಾರದಿತ್ತೇ?

ಅಷ್ಟೇಕೆ, ನಮ್ಮದೇ ಪಾಠ ಇದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು ಭಾಗದಲ್ಲಿ ಸಿಕ್ಕಿಬಿದ್ದ ಆನೆಗಳನ್ನು ಹಿಡಿಯಬಹುದು ಎಂದಿತು. ಅಷ್ಟೇ ಹೇಳಿ ನಿಲ್ಲಿಸಲಿಲ್ಲ. ಎಲ್ಲಿ ಆನೆಗೇ ಕಾಡು ಬಿಡಬೇಕು, ಎಲ್ಲಿ ಮನುಷ್ಯ ಮತ್ತು ಆನೆ ಹೊಂದಿಕೊಂಡು ಇರಬೇಕು ಎಂದೂ ವಲಯ ಗುರುತಿಸಲು ಹೇಳಿತು. ಸರ್ಕಾರ ಹಿಡಿಯುವ ಭಾಗವನ್ನು ಮಾತ್ರ ಕಿತ್ತುಕೊಂಡಿತು. 2014ರಲ್ಲಿ 22 ಆನೆ ಹಿಡಿದರು. ಪೇಪರಿನಲ್ಲಿ ಫೋಟೊ ಬಂತು. ಮುಂದೇನಾಯಿತು? ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಕಾಫಿ ತೋಟದ ನೆರಳು ಹಾಗೇ ಇತ್ತು. ಬೈನೆ ಇತ್ತು. ಹಲಸು ಇತ್ತು. ಕೆರೆಯಲ್ಲಿ ನೀರಿತ್ತು. ಗದ್ದೆಯಲ್ಲಿ ಭತ್ತ ಇತ್ತು. ಬರದೆ ಏನು ಮಾಡುತ್ತವೆ?

ಆನೆಗಳ ಸಂಖ್ಯೆ ಹೆಚ್ಚಾಗಿದೆ ಎಂದು ಬೊಬ್ಬೆ ಹಾಕುವವರಿಗೆ ಒಂದು ಲೆಕ್ಕ. ರಾಜ್ಯದಲ್ಲಿ 2017ರ ಗಣತಿಯ ಅಂದಾಜು 6,049. 2023ರದ್ದು 6,395. ಆರು ವರ್ಷಕ್ಕೆ ಇಷ್ಟು. ಈ ಆರು ವರ್ಷದಲ್ಲಿ ಮಲೆನಾಡಿನ ಅಂಚಿನಲ್ಲಿ ಎಷ್ಟು ರೆಸಾರ್ಟ್ ಎದ್ದವು? ಎಷ್ಟು ಗುಡ್ಡ ಬಗೆದರು? ಆ ಗಣತಿ ಯಾರ ಬಳಿ ಇದೆ?

ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಿರಿ. ಆನೆಯ ದಾರಿ ನೀರಿನ ಅಡಿ ಹೋಯಿತು. ಮುಳುಗಿದ ಊರಿನ ಜನಕ್ಕೆ ಪುನರ್ವಸತಿಯೆಂದು ಎಷ್ಟೋ ಕಡೆ ಕಾಡನ್ನೇ ಕೊಟ್ಟಿರಿ. ಪಶ್ಚಿಮಘಟ್ಟದ ನೆತ್ತಿಯ ಹೊಳೆಗಳಿಗೆ ಕಿರು ಜಲವಿದ್ಯುತ್ ಕಂಪನಿಗಳನ್ನು ಬಿಟ್ಟಿರಿ. ಆಮೇಲೆ ಎತ್ತಿನಹೊಳೆ ನೀರಿನ ಯೋಜನೆ. 2014ರಲ್ಲಿ ಅಡಿಗಲ್ಲು. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗದಹಳ್ಳ, ಎಲ್ಲಕ್ಕೂ ಅಡ್ಡಗಟ್ಟೆ. ಮನುಷ್ಯ ಒಳಗೆ ನಿಂತು ನಡೆಯಬಹುದಾದಷ್ಟು ದೊಡ್ಡ ಕೊಳವೆಗಳನ್ನು ಹೂಳಲು ಗುಡ್ಡದ ಹೊಟ್ಟೆ ಸೀಳಿದಿರಿ. ಜೆಸಿಬಿ, ಟಿಪ್ಪರು, ಸಿಡಿಮದ್ದು, ವರ್ಷಗಟ್ಟಲೆ. ಯೋಜನೆಯ ವೆಚ್ಚ 12,912 ಕೋಟಿಯಿಂದ 23,251 ಕೋಟಿಗೆ ಏರಿತು. ಆ ಸದ್ದಿಗೆ, ಆ ಬೆಳಕಿಗೆ ಕಾಡಿನೊಳಗಿದ್ದ ಆನೆ ಎಲ್ಲಿಗೆ ಓಡಬೇಕಿತ್ತು? ವಿಧಾನಸೌಧಕ್ಕೇ?

ಇಷ್ಟಕ್ಕೂ ಜನ ಕೈಕಟ್ಟಿ ಕೂತಿರಲಿಲ್ಲ. ಸಕಲೇಶಪುರ ತಾಲೂಕಿನ ಕಾಡಂಚಿನ ಕೆಲವು ಹಳ್ಳಿಗಳವರು ತಾವೇ ಅರ್ಜಿ ಬರೆದರು. ನಮ್ಮ ಜಮೀನು ತಗೊಳ್ಳಿ, ಸರಿಯಾದ ಪರಿಹಾರ ಕೊಡಿ, ಈ ನೆಲ ಆನೆಗೆ ಬಿಡಿ ಎಂದರು. ಸಂರಕ್ಷಣಾವಾದಿಗಳಲ್ಲ ಅವರು. ಬೆಳೆದದ್ದೆಲ್ಲ ಆನೆ ಪಾಲಾಗಿ, ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿ, ಸಾಕಪ್ಪಾ ಈ ಬದುಕು ಎಂದ ರೈತರು. ಇಂಥ ಅರ್ಜಿ ಸಿಗುವುದು ಎಂಥ ಭಾಗ್ಯ! ಒತ್ತಾಯವಿಲ್ಲ, ಒಕ್ಕಲೆಬ್ಬಿಸುವಿಕೆಯಿಲ್ಲ, ಜನರೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಳವೆಗೆ ಸಾವಿರ ಸಾವಿರ ಕೋಟಿ ಹೊಂದಿಸಿದ ಸರ್ಕಾರಗಳಿಗೆ ಈ ಅರ್ಜಿಗೆ ಕೊಡಲು ಮಾತ್ರ ದುಡ್ಡಿಲ್ಲ. ಒಂದು ಪಕ್ಷದ ಸರ್ಕಾರವಲ್ಲ. ಮೂರೂ ಪಕ್ಷ ಆಳಿವೆ. ಮೂರೂ ಪಕ್ಷ ಕಡತವನ್ನು ಕೆಳಗಿಟ್ಟಿವೆ.

ಆನೆ ತುಳಿದು ಸಾಯುವವರು ಯಾರು, ಅದನ್ನೂ ನೋಡಿ. ಬೆಳಗಿನ ಮಂಜಿನಲ್ಲಿ ತೋಟದ ಕೆಲಸಕ್ಕೆ ನಡೆದು ಹೋಗುವ ಕೂಲಿಯವರು. ಲೈನ್ ಮನೆಯ ಹೆಂಗಸರು. ಅಸ್ಸಾಮಿನಿಂದ ಹೊಟ್ಟೆಪಾಡಿಗೆ ಬಂದವರು. ಜೀಪಿನಲ್ಲಿ ಓಡಾಡುವವರು ಸಾಯುವುದು ಎಲ್ಲೋ ಒಬ್ಬರು. ಹೆಣ ಬಿದ್ದ ದಿನ ರಸ್ತೆ ತಡೆ, ಶಾಸಕರ ಕಾರು, ಸಚಿವರ ಭರವಸೆ. ಇನ್ನು ಹದಿನೈದು ದಿನದಲ್ಲಿ ಪುಂಡಾನೆ ಹಿಡಿಯುತ್ತೇವೆ. ಅದು ಕೊಂದ ಆನೆಯೋ, ಸಿಕ್ಕಿದ ಆನೆಯೋ, ಯಾರು ಕೇಳುತ್ತಾರೆ? ಕೂಲಿಯವರನ್ನು ಬೆಳಿಗ್ಗೆ ಗಾಡಿಯಲ್ಲಿ ಕರೆತನ್ನಿ ಎಂದು ತೋಟದ ಮಾಲೀಕರಿಗೆ ಕಟ್ಟಪ್ಪಣೆ ಮಾಡಲು ಯಾವ ಸಾಕಾನೆಯೂ ಬೇಕಿಲ್ಲ. ಅರಿವಳಿಕೆಯೂ ಬೇಕಿಲ್ಲ. ಬೆನ್ನುಮೂಳೆ ಬೇಕು.

ಮಾಲೀಕರೇ, ನಿಮಗೂ ಹೇಳಬೇಕು. ಎಲ್ಲರಿಗೂ ಅಲ್ಲ. ಆನೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ತೋಟದವರನ್ನು ನಾನು ಬಲ್ಲೆ, ಅವರಿಗೆ ಕೈಮುಗಿಯುತ್ತೇನೆ. ನಾನು ಹೇಳುತ್ತಿರುವುದು ಬೇಲಿಗೆ ನೇರ ಕರೆಂಟ್ ಕೊಡುವವರಿಗೆ. ಕಾಡುಹಂದಿಗೆಂದು ಉರುಳು ಹಾಕುವವರಿಗೆ, ಸಿಡಿಮದ್ದಿನ ಉಂಡೆ ಇಡುವವರಿಗೆ. ಕತ್ತಲಲ್ಲಿ ಕೋವಿ ಎತ್ತಿ ಎಲ್ಲಿ ತಗುಲಿತೆಂದೂ ನೋಡದೆ ಮನೆಗೆ ಹೋಗಿ ಮಲಗುವವರಿಗೆ. ಕಾಲಿನಲ್ಲಿ ಚರೆ ಕೊಳೆತು ತಿಂಗಳುಗಟ್ಟಲೆ ನರಳುವ ಆನೆ ಮನುಷ್ಯನ ವಾಸನೆ ಸಿಕ್ಕರೆ ಸಾಕು ಅಟ್ಟಿಸಿಕೊಂಡು ಬರುತ್ತದೆ. ಅದರ ಕಾಲಡಿ ಸಾಯುವವನು ಗುಂಡು ಹೊಡೆದವನಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಅವನ ಕೂಲಿಯಾಳು. ಹೊಡೆದವನು ಯಾರೆಂದು ಊರಿಗೆಲ್ಲ ಗೊತ್ತು. ಊರು ಬಾಯಿ ಬಿಡುವುದಿಲ್ಲ. ಇಲಾಖೆ ಕೇಳುವುದಿಲ್ಲ.

ಈಗ ಹೊಸ ರಾಗ ಎದ್ದಿದೆ. ಆಫ್ರಿಕಾದಲ್ಲಿ ಕೊಲ್ಲುತ್ತಾರೆ, ನಾವೂ ಕೊಲ್ಲೋಣ. ಹೌದು, 2024ರಲ್ಲಿ ಬರಗಾಲದ ಹೆಸರಿನಲ್ಲಿ ನಮೀಬಿಯಾ 83 ಆನೆ, ಜಿಂಬಾಬ್ವೆ 200 ಆನೆ ಕೊಲ್ಲಲು ತೀರ್ಮಾನಿಸಿದವು. ಉದಾಹರಣೆ ಕೊಡುವವರು ಪೂರ್ತಿ ಕೊಡಿ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಉದ್ಯಾನ ಕ್ರೂಗರ್‌ನಲ್ಲಿ 1967ರಿಂದ 1994ರವರೆಗೆ ಸಾವಿರಾರು ಆನೆ ಕೊಂದರು. ದೊಡ್ಡವನ್ನು ಕೊಂದು ಮರಿಗಳನ್ನು ಅಲ್ಲಿನ ಇನ್ನೊಂದು ಉದ್ಯಾನ ಪಿಲಾನೆಸ್‌ಬರ್ಗ್‌ಗೆ ಸಾಗಿಸಿದರು. ತಾಯಿಯ ಹೆಣ ಕಂಡ ಮರಿಗಳು. ಹಿರಿಯರಿಲ್ಲದೆ ಬೆಳೆದ ಗಂಡುಗಳು. ಬೆಳೆದು ಏನು ಮಾಡಿದವು? ಅಕಾಲದಲ್ಲೇ ಮದವೇರಿ ಘೇಂಡಾಮೃಗಗಳನ್ನು ತಿವಿದು ಕೊಂದವು. ಒಂದೆರಡಲ್ಲ, ಹತ್ತಾರು. 1998ರಲ್ಲಿ ಕ್ರೂಗರ್‌ನಿಂದ ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆಯೇ ಆ ಪುಂಡಾಟ ನಿಂತದ್ದು.

ನಾವು ಹಾಸನದಲ್ಲಿ ಮಾಡುತ್ತಿರುವುದೂ ಅದನ್ನೇ. ದೊಡ್ಡ ಸಲಗ ಯಾವುದೋ ಅದನ್ನೇ ಮೊದಲು ಹಿಡಿಯುತ್ತೇವೆ. ಮರಿಗಂಡುಗಳಿಗೆ ಗದರುವ, ದಾರಿ ತೋರುವ ಹಿರಿಯನನ್ನೇ ತೆಗೆದುಬಿಡುತ್ತೇವೆ. ನಾಳೆಯ ಪುಂಡಾನೆಯನ್ನು ಇಂದು ನಾವೇ ಬೆಳೆಸುತ್ತೇವೆ.

ಅರ್ಜುನನೂ ಹುಟ್ಟಿನಿಂದ ಸಾಕಾನೆಯಲ್ಲ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ, ಅಂದರೆ ಆನೆ ಹಿಂಡನ್ನೇ ಅಟ್ಟಿ ಹಿಡಿಯುವ ಕಾರ್ಯಾಚರಣೆಯಲ್ಲಿ, ಹಿಡಿದ ಕಾಡುಮರಿ ಅವನು. ಮೂರು ವರ್ಷದ ನಂತರ ಕೊನೆಯ ಖೆಡ್ಡಾ ನಡೆಯಿತು, ಆಮೇಲೆ ಆ ಕ್ರೌರ್ಯ ಸಾಕು ಎಂದು ನಿಲ್ಲಿಸಿದರು. ಆ ನೆಲ ಕಬಿನಿ ಹಿನ್ನೀರಿನ ಪಾಲಾಯಿತು. ಕಾಡಿನಿಂದ ಕಿತ್ತು ತಂದೆವು. ಪಳಗಿಸಿದೆವು. ಮೆರೆಸಿದೆವು. ಅವನ ಕುಲದವರನ್ನೇ ಹಿಡಿಯಲು ಅವನನ್ನು ಬಳಸಿದೆವು. ಆ ಕೆಲಸದಲ್ಲೇ ಸಾಯಲು ಬಿಟ್ಟೆವು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದರ 11ನೇ ಕಲಮಿನ ಪ್ರಕಾರ ಆನೆಯನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅನುಮತಿ ಕೊಡಬೇಕು. ಬರೆಯಿರಿ. ಮುಂದಿನ ಆದೇಶಕ್ಕೆ ಸಹಿ ಹಾಕುವಾಗ ಎಲ್ಲವನ್ನೂ ಬರೆಯಿರಿ. ಯಾವ ಆನೆ, ಅದು ಏನು ಮಾಡಿತು, ಅದೇ ಎಂದು ಹೇಗೆ ಗೊತ್ತು. ಯಾವ ಸಾಕಾನೆಗಳು ಬರುತ್ತವೆ, ಪ್ರತಿಯೊಂದರ ವಯಸ್ಸೆಷ್ಟು. ಎಲ್ಲಿ ಬಿಡುತ್ತೀರಿ, ಆ ಊರಿನವರನ್ನು ಕೇಳಿದಿರಾ. ಕಾಡಂಚಿನ ಹಳ್ಳಿಗಳ ಆ ಅರ್ಜಿ ಈಗ ಯಾರ ಮೇಜಿನ ಮೇಲಿದೆ. ಇಷ್ಟನ್ನೂ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ, ಸಕಲೇಶಪುರದ ತಾಲೂಕು ಕಚೇರಿಯ ಗೋಡೆಗೆ ಅಂಟಿಸಿ. ಅಂಟಿಸುವವರೆಗೆ ಒಂದು ಆನೆಗೂ ಹಗ್ಗ ಹಾಕಬೇಡಿ.